ಮಣ್ಣಿನ ಸ್ಯಾಂಪಲ್ ಚೆಲ್ಲಬೇಡಿ: ಪರಿಸರ ಸಂಶೋಧನೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಗೆ,
ಪರಿಸರ ಸಂಶೋಧನೆಗೆ ಅನುದಾನ ಕೊಡುವ ಸಂಸ್ಥೆಗಳ ಮುಖ್ಯಸ್ಥರಿಗೆ ಮತ್ತು ಸಂಶೋಧನಾ ಕೇಂದ್ರಗಳ ನಿರ್ದೇಶಕರಿಗೆ

ಮಾನ್ಯರೇ,

ನಮಸ್ಕಾರ. ನಾನು ವಿಜ್ಞಾನಿಯಲ್ಲ. ಮಣ್ಣು, ನೀರು, ಕೆಸರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವನು. ಸ್ಯಾಂಪಲ್ ತರುವುದು, ಒಣಗಿಸುವುದು, ಪುಡಿ ಮಾಡುವುದು, ಜರಡಿ ಹಿಡಿಯುವುದು, ಲೇಬಲ್ ಬರೆಯುವುದು, ಯಂತ್ರ ತೋರಿಸಿದ ಅಂಕಿಯನ್ನು ಪುಸ್ತಕಕ್ಕೆ ಏರಿಸುವುದು ನನ್ನ ಕೆಲಸ. ನಿಮ್ಮ ವರದಿಗಳ ಕೊನೆಯ ಪುಟದಲ್ಲಿ ನನ್ನಂಥವರ ಹೆಸರು ಬಂದರೆ ಬಂತು, ಬರದಿದ್ದರೆ ಇಲ್ಲ. ಆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಕಷ್ಟಪಟ್ಟು ತಂದ ಮಣ್ಣನ್ನು ನಾವೇ ಚೆಲ್ಲುತ್ತಿದ್ದೇವೆ. ಅದರ ಬಗ್ಗೆ ಮಾತಾಡಬೇಕಾಗಿದೆ.

ನಾನು ಕಣ್ಣಾರೆ ನೋಡಿದ್ದನ್ನು ಮೊದಲು ಹೇಳುತ್ತೇನೆ. ಒಂದು ದೊಡ್ಡ ಜೌಗು ಪ್ರದೇಶದ ಮಾಲಿನ್ಯದ ಬಗ್ಗೆ ಮೂರು ವರ್ಷದ ಪ್ರಾಜೆಕ್ಟ್ ನಡೆಯಿತು. ಅಂತಿಮ ವರದಿ ಹೋಯಿತು. ಹಣದ ಲೆಕ್ಕ ಒಪ್ಪಿಸಿದ್ದಾಯಿತು. ಪಿಎಚ್‌ಡಿ ಮಾಡುತ್ತಿದ್ದವರು ಪದವಿ ತಗೊಂಡು ಬೇರೆ ದೇಶಕ್ಕೆ ಹೊರಟರು. ಸ್ವಲ್ಪ ದಿನಕ್ಕೆ ಹೊಸ ಪ್ರಾಜೆಕ್ಟಿನ ಉಪಕರಣ ಬರುತ್ತದೆ, ಸ್ಟೋರ್ ರೂಂ ಖಾಲಿ ಮಾಡಿ ಅಂತ ಮೇಲಿನಿಂದ ಸೂಚನೆ ಬಂತು. ಡೀಪ್ ಫ್ರೀಜರಿನ ಪ್ಲಗ್ ತೆಗೆದರು. ಕೊಳವೆಗಳಲ್ಲಿ ಹೆಪ್ಪುಗಟ್ಟಿಸಿಟ್ಟಿದ್ದ ಕೆಸರು ಕರಗಿ ನೀರಾಗಿ ನೆಲದ ಮೇಲೆ ಹರಿಯಿತು. ಒಣಮಣ್ಣಿನ ಪೊಟ್ಟಣಗಳನ್ನು ಗೋಣಿಚೀಲಕ್ಕೆ ತುಂಬಿ ಕಾಂಪೌಂಡಿನ ಮೂಲೆಯಲ್ಲಿ ಸುರಿದೆವು. ಯಾವ ಜಾಗದ್ದು, ಎಷ್ಟು ಆಳದ್ದು ಎನ್ನುವ ಗುರುತೆಲ್ಲ ಒಂದೇ ಗುಡ್ಡೆಯಾಯಿತು. ಅದರಲ್ಲಿ ಸೀಸ, ಕ್ಯಾಡ್ಮಿಯಂನಂಥ ವಿಷಲೋಹ ಇದ್ದ ಮಣ್ಣೂ ಇತ್ತು. ಮಾಲಿನ್ಯ ಅಳೆಯಲು ತಂದದ್ದನ್ನು ನಮ್ಮ ಅಂಗಳದಲ್ಲೇ ಸುರಿದುಕೊಂಡೆವು.

ಇದನ್ನು ಒಬ್ಬರ ತಪ್ಪು ಅಂತ ನಾನು ಹೇಳುವುದಿಲ್ಲ. ಹೇಳಿದವರಿಗೆ ಜಾಗ ಬೇಕಿತ್ತು. ಸ್ಯಾಂಪಲ್ ಇಡುವುದಕ್ಕೆ ಆ ಪ್ರಾಜೆಕ್ಟಿನಲ್ಲಿ ಒಂದು ರೂಪಾಯಿಯೂ ಇರಲಿಲ್ಲ. ತರುವುದಕ್ಕೆ ಹಣವಿತ್ತು. ದೋಣಿಗೆ, ಗಾಡಿಗೆ, ಆಸಿಡ್ಡಿಗೆ, ಯಂತ್ರದ ಸರ್ವಿಸ್‌ಗೆ ಇತ್ತು. ವರದಿ ಪ್ರಿಂಟ್ ಮಾಡಿಸಿ ಬೈಂಡ್ ಹಾಕಿಸುವುದಕ್ಕೂ ಇತ್ತು. ಇಡುವುದಕ್ಕೆ ಮಾತ್ರ ಇರಲಿಲ್ಲ. ಬೇರೆ ಲ್ಯಾಬುಗಳಲ್ಲಿ ಕೆಲಸ ಮಾಡುವ ಗೆಳೆಯರನ್ನು ಕೇಳಿದರೆ ಅವರೂ ಇಂಥದ್ದೇ ಕತೆ ಹೇಳುತ್ತಾರೆ. ಹಾಗಾಗಿ ಯಾವ ಸಂಸ್ಥೆ ಅಂತ ನಾನು ಹೆಸರು ಹೇಳುತ್ತಿಲ್ಲ. ಹೇಳಿದರೆ ಉಳಿದವರು ಸದ್ಯ ನಾವಲ್ಲ ಅಂತ ನಿಟ್ಟುಸಿರು ಬಿಡುತ್ತಾರೆ, ಅಷ್ಟೇ.

ಪರೀಕ್ಷೆ ಮುಗಿದ ಮೇಲೆ ಮಣ್ಣನ್ನು ಇಟ್ಟುಕೊಂಡು ಏನು ಮಾಡುವುದು, ಅಂಕಿ ಸಿಕ್ಕಿತಲ್ಲ ಅಂತ ನೀವು ಕೇಳಬಹುದು. ನನ್ನನ್ನೂ ಹೀಗೆ ಕೇಳಿದವರಿದ್ದಾರೆ. ಇದಕ್ಕೆ ಉತ್ತರ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿದೆ. 1843ರಲ್ಲಿ ಜಾನ್ ಬೆನೆಟ್ ಲಾವ್ಸ್ ಮತ್ತು ಜೋಸೆಫ್ ಹೆನ್ರಿ ಗಿಲ್ಬರ್ಟ್ ಅಲ್ಲಿ ಗೊಬ್ಬರದ ಪ್ರಯೋಗ ಶುರು ಮಾಡಿದರು. ಯಾವ ಗೊಬ್ಬರ ಹಾಕಿದರೆ ಗೋಧಿ ಎಷ್ಟು ಬರುತ್ತದೆ ಎನ್ನುವುದಷ್ಟೇ ಅವರ ಪ್ರಶ್ನೆ. ಆದರೆ ಮಣ್ಣನ್ನೂ ಹುಲ್ಲನ್ನೂ ಕಾಳನ್ನೂ ಬಾಟಲಿಗಳಲ್ಲಿ ತುಂಬಿಸಿ ಇಡುತ್ತಾ ಬಂದರು. ಅವರ ನಂತರದವರೂ ಇಡುತ್ತಾ ಬಂದರು. ಆ ಪ್ರಯೋಗ ಇನ್ನೂ ನಡೆಯುತ್ತಿದೆ. ಅಲ್ಲಿನ ಸಂಗ್ರಹದಲ್ಲಿ ಈಗ ಸುಮಾರು 3 ಲಕ್ಷ ಸ್ಯಾಂಪಲ್‌ಗಳಿವೆ.

ಲಾವ್ಸ್ ಕಾಲದಲ್ಲಿ ಕ್ಯಾಡ್ಮಿಯಂ ಮಣ್ಣಿಗೆ ಸೇರುತ್ತಿದೆ ಎನ್ನುವ ಚಿಂತೆ ಯಾರಿಗೂ ಇರಲಿಲ್ಲ. ಅಷ್ಟು ಸಣ್ಣ ಪ್ರಮಾಣ ಅಳೆಯುವ ಯಂತ್ರವೂ ಇರಲಿಲ್ಲ. ನೂರು ವರ್ಷ ಕಳೆದ ಮೇಲೆ ಯಂತ್ರ ಬಂತು, ಪ್ರಶ್ನೆಯೂ ಹುಟ್ಟಿತು. ಆಗ ಹಳೆಯ ಬಾಟಲಿ ತೆಗೆದರು. ಗೊಬ್ಬರದಿಂದಲೂ ಗಾಳಿಯಿಂದಲೂ ಕ್ಯಾಡ್ಮಿಯಂ ಹೇಗೆ ನಿಧಾನವಾಗಿ ಏರಿತು ಅಂತ ಆ ಮಣ್ಣೇ ಹೇಳಿತು. ಕಲ್ಲಿದ್ದಲು, ಎಣ್ಣೆ ಸುಟ್ಟಾಗ ಹುಟ್ಟುವ ವಿಷಗಳ ಲೆಕ್ಕ ಹಾಗೇ ಸಿಕ್ಕಿತು. ಅಣುಬಾಂಬ್ ಪರೀಕ್ಷೆಗಳಿಂದ ಹರಡಿದ ಪ್ಲುಟೋನಿಯಂ ಕೂಡ ಅಲ್ಲಿ ಇಟ್ಟಿದ್ದ ಹಳೆಯ ಹುಲ್ಲಿನಲ್ಲಿ ಸಿಕ್ಕಿತು. ಆ ಹುಲ್ಲು ಕೊಯ್ದವರಿಗೆ ಪ್ಲುಟೋನಿಯಂ ಹುಡುಕುವ ಯೋಚನೆ ಎಲ್ಲಿಂದ ಬರಬೇಕು?

ಇವತ್ತು ಎಲ್ಲರ ಬಾಯಲ್ಲೂ ಪಿಫಾಸ್ (PFAS) ಎನ್ನುವ, ಸುಲಭಕ್ಕೆ ನಾಶವಾಗದ ರಾಸಾಯನಿಕಗಳ ಮಾತು. ಮೈಕ್ರೋಪ್ಲಾಸ್ಟಿಕ್ ಎನ್ನುವ ಅತಿ ಸಣ್ಣ ಪ್ಲಾಸ್ಟಿಕ್ ಚೂರುಗಳ ಮಾತು. ಇಪ್ಪತ್ತು ವರ್ಷದ ಹಿಂದೆ ನಮ್ಮಂಥ ಲ್ಯಾಬುಗಳಲ್ಲಿ ಯಾರೂ ಇವನ್ನು ಅಳೆಯುತ್ತಿರಲಿಲ್ಲ. ಆಗ ತಂದ ಕೆಸರು ಇದ್ದಿದ್ದರೆ ಈಗ ಅಳೆಯಬಹುದಿತ್ತು. ಈ ವಿಷ ಯಾವಾಗ ಬಂತು, ಹೆಚ್ಚುತ್ತಿದೆಯಾ ಕಡಿಮೆಯಾಗುತ್ತಿದೆಯಾ ಅಂತ ಹೇಳಬಹುದಿತ್ತು. ಈಗ ಹೋಗಿ ಹೊಸ ಸ್ಯಾಂಪಲ್ ತಂದರೆ ಇವತ್ತಿನ ಅಂಕಿ ಸಿಗುತ್ತದೆ. ನಿನ್ನೆಯದನ್ನು ಎಲ್ಲಿಂದ ತರುವುದು?

ಕೆಲವು ಜಾಗದಲ್ಲಿ ತಾನೇ ಲೆಕ್ಕ ಬರೆದಿಟ್ಟುಕೊಳ್ಳುವ ಕೆಸರು ಇರುತ್ತದೆ, ನಿಜ. ಕದಡದೆ ಪದರ ಪದರವಾಗಿ ಕೂತ ಹೂಳಿನೊಳಗೆ ಕೊಳವೆ ಇಳಿಸಿ ತೆಗೆದರೆ ಮೇಲಿನದು ಈಚಿನದು, ಕೆಳಗಿನದು ಹಳೆಯದು. ಸೀಸ-210 ಎನ್ನುವುದು ವಿಕಿರಣ ಸೂಸುವ ಒಂದು ಬಗೆಯ ಸೀಸ. ಅದರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 22 ವರ್ಷ. ಅದು ಆಳಕ್ಕೆ ಹೋದ ಹಾಗೆ ಎಷ್ಟು ಕಡಿಮೆಯಾಗಿದೆ ಅಂತ ನೋಡಿ ಪದರದ ವಯಸ್ಸು ಹೇಳುತ್ತಾರೆ. ಅಣುಬಾಂಬ್ ಪರೀಕ್ಷೆಗಳಿಂದ ಬಂದ ಸೀಸಿಯಂ-137 ಎನ್ನುವ ವಿಕಿರಣ ವಸ್ತು ಅತಿ ಹೆಚ್ಚು ಬಿದ್ದದ್ದು 1963ರ ಆಸುಪಾಸಿನಲ್ಲಿ. ಅದು ಹೂಳಿನಲ್ಲಿ ಒಂದು ಗೆರೆ ಎಳೆದ ಹಾಗೆ ಕಾಣುತ್ತದೆ. ಆದರೆ ಹೂಳು ಎತ್ತಿದ ಜಾಗದಲ್ಲಿ, ದನ ಇಳಿದು ತುಳಿದ ಜಾಗದಲ್ಲಿ, ಹುಳುಗಳು ಮೇಲಿನದನ್ನು ಕೆಳಗೆ ಮಾಡಿದ ಜಾಗದಲ್ಲಿ ಈ ಲೆಕ್ಕ ಕಲಸಿಹೋಗಿರುತ್ತದೆ. ಉತ್ತ ಹೊಲದ ಮಣ್ಣಿನಲ್ಲಂತೂ ಸಿಗುವುದೇ ಇಲ್ಲ. ಅಂಥ ಕಡೆ ನಾವು ತಂದು ಇಟ್ಟದ್ದೇ ದಾಖಲೆ.

ಎರಡನೆಯ ದೂರು ಲೇಬಲ್ಲಿನದು. ಇದು ಹೊರಗಿನವರಿಗೆ ಸಣ್ಣ ವಿಷಯ ಅನ್ನಿಸಬಹುದು. ಯಾಕೆ ಸಣ್ಣದಲ್ಲ ಅಂತ ಮೊದಲು ಮಣ್ಣಿನಿಂದಲೇ ಹೇಳುತ್ತೇನೆ. ಜೌಗಿನ ಮಣ್ಣನ್ನು ಆಗರ್ (ಮಣ್ಣು ಕೊರೆಯುವ ಸಾಧನ) ಹಾಕಿ ತಿರುಗಿಸಿ ಮೇಲೆಳೆದಾಗ ಅದರ ಬಣ್ಣ ಬೂದಿ, ಸ್ವಲ್ಪ ನೀಲಿ. ಕೊಳೆತ ಮೊಟ್ಟೆಯ ವಾಸನೆ. ಬೇರು ಹೋದ ದಾರಿಯಲ್ಲಿ ಮಾತ್ರ ಕಿತ್ತಳೆ ಬಣ್ಣದ ಸಣ್ಣ ಗೆರೆ ಇರುತ್ತದೆ, ಯಾಕೆಂದರೆ ಬೇರು ಅಲ್ಲಿಯವರೆಗೆ ಗಾಳಿ ಒಯ್ದಿರುತ್ತದೆ. ಇದನ್ನು ಬಿಳಿ ಟ್ರೇ ಮೇಲೆ ಬಿಚ್ಚಿಟ್ಟು ನೋಡುತ್ತಿರಿ. ಹೊರಮೈ ಕಂದು ಬಣ್ಣಕ್ಕೆ ತಿರುಗುತ್ತಾ ಬರುತ್ತದೆ. ನೀರಿನಡಿ ಉಸಿರಿಲ್ಲದೆ ಇದ್ದ ಕಬ್ಬಿಣಕ್ಕೆ ಗಾಳಿ ತಾಗಿ ತುಕ್ಕಾಗುತ್ತಿರುತ್ತದೆ. ಬಣ್ಣದ ಜೊತೆ ಒಳಗಿನ ರಸಾಯನವೂ ಬದಲಾಗುತ್ತಿರುತ್ತದೆ. ತುಕ್ಕು ವಿಷವಾದ ಆರ್ಸೆನಿಕ್ಕನ್ನೂ ರಂಜಕವನ್ನೂ ಹಿಡಿದುಕೊಳ್ಳುತ್ತದೆ. ಗಂಧಕದ ಜೊತೆ ಗಟ್ಟಿಯಾಗಿ ಕೂತಿದ್ದ ಕ್ಯಾಡ್ಮಿಯಂ ಬಿಡಿಸಿಕೊಳ್ಳುತ್ತದೆ.

ಇದೇ ಮಣ್ಣನ್ನು ನಾವು ಲ್ಯಾಬಿಗೆ ತಂದು ಪೇಪರ್ ಮೇಲೆ ಹರಡಿ, ಒಣಗಿಸಿ, ಪುಡಿ ಮಾಡಿ, ಆಮೇಲೆ ಅಳೆಯುತ್ತೇವೆ. ಒಟ್ಟು ಎಷ್ಟು ಲೋಹ ಇದೆ ಅಂತ ತಿಳಿಯಲು ಇದರಿಂದ ಜಾಸ್ತಿ ತೊಂದರೆ ಇಲ್ಲ. ಪಾದರಸ ಮಾತ್ರ ಬೇರೆ, ಬಿಸಿ ಮಾಡಿದರೆ ಹಾರಿಹೋಗುತ್ತದೆ. ಆದರೆ ಅದರಲ್ಲಿ ಎಷ್ಟು ಗಿಡಕ್ಕೆ ಸಿಗುತ್ತದೆ, ಎಷ್ಟು ನೀರಿಗೆ ಇಳಿಯುತ್ತದೆ ಅಂತ ಕೇಳಿದರೆ, ಒಣಗಿಸಿದ ಮಣ್ಣು ಒಣಗಿದ ಮಣ್ಣಿನ ಕತೆಯನ್ನೇ ಹೇಳುತ್ತದೆ. ಜೌಗಿನ ಕತೆ ಅದರಲ್ಲಿ ಇರುವುದಿಲ್ಲ.

ಭತ್ತದ ಗದ್ದೆಯನ್ನೇ ನೋಡಿ. ನೀರು ನಿಲ್ಲಿಸಿದರೆ ಕಬ್ಬಿಣದ ತುಕ್ಕು ಕರಗಿ ಆರ್ಸೆನಿಕ್ ಬಿಡುಗಡೆಯಾಗುತ್ತದೆ, ಅಕ್ಕಿಗೆ ಏರುತ್ತದೆ. ನೀರು ಬಿಟ್ಟು ಒಣಗಿಸಿದರೆ ಆರ್ಸೆನಿಕ್ ಇಳಿಯುತ್ತದೆ, ಆದರೆ ಕ್ಯಾಡ್ಮಿಯಂ ಏರುತ್ತದೆ. ಗದ್ದೆ ಅದೇ, ಮಣ್ಣು ಅದೇ, ಒಟ್ಟು ಲೋಹವೂ ಅಷ್ಟೇ. ನೀರು ನಿಂತಿತ್ತಾ, ಬಿಟ್ಟಿದ್ದರಾ ಎನ್ನುವುದರ ಮೇಲೆ ಯಾವ ವಿಷ ತಟ್ಟೆಗೆ ಬರುತ್ತದೆ ಅಂತ ತೀರ್ಮಾನವಾಗುತ್ತದೆ. ಇನ್ನು ಕೆಲವು ಜೌಗು ಮಣ್ಣುಗಳಲ್ಲಿ ಪೈರೈಟ್ ಎನ್ನುವ ಕಬ್ಬಿಣ-ಗಂಧಕದ ಖನಿಜ ಇರುತ್ತದೆ. ನೀರಿನಡಿ ಇರುವವರೆಗೆ ಪಿಎಚ್ (ಆಮ್ಲ-ಕ್ಷಾರದ ಅಳತೆ; ಕಡಿಮೆಯಾದಷ್ಟೂ ಆಮ್ಲ ಜಾಸ್ತಿ) ಸರಿಸುಮಾರು 7. ಕಾಲುವೆ ತೋಡಿ ನೀರು ಬಸಿದರೆ ಸಲ್ಫ್ಯೂರಿಕ್ ಆಸಿಡ್ ಹುಟ್ಟಿ ಪಿಎಚ್ 4ಕ್ಕಿಂತ ಕೆಳಗೆ ಹೋಗುತ್ತದೆ, ಮೀನು ಸಾಯುತ್ತವೆ. ನೀರು ಬಸಿಯುವ ಮುಂಚೆ ಒಂದೇ ಸಲ ಪಿಎಚ್ ನೋಡಿ ಮಣ್ಣು ಚೆನ್ನಾಗಿದೆ ಅಂತ ಬರೆದುಬಿಟ್ಟರೆ?

ಹೀಗಿರುವಾಗ ಲೇಬಲ್ ಮೇಲೆ ಎಸ್-14 ಅಂತ ಮಾರ್ಕರಿನಲ್ಲಿ ಬರೆದು ಕಳಿಸುತ್ತಾರೆ. ಆಳ ಎಷ್ಟು? ಮೇಲೆ ನೀರು ನಿಂತಿತ್ತಾ? ಮಳೆ ಬಂದು ಎಷ್ಟು ದಿನವಾಗಿತ್ತು? ಒಂದೂ ಇಲ್ಲ. ಮೇಲಿನ 5 ಸೆಂಟಿಮೀಟರ್ ಕೆರೆದು ತಂದದ್ದಕ್ಕೂ 15 ಸೆಂಟಿಮೀಟರ್ ಗುಂಡಿ ತೋಡಿ ತಂದದ್ದಕ್ಕೂ ಅಂಕಿಯಲ್ಲಿ ಬಹಳ ವ್ಯತ್ಯಾಸ ಬರಬಹುದು. ಗಾಳಿಯಿಂದ ಬಿದ್ದ ಸೀಸ ಉಳದ ನೆಲದಲ್ಲಿ ಮೇಲಿನ ಪದರದಲ್ಲೇ ಜಾಸ್ತಿ ಕೂತಿರುತ್ತದೆ. ಆಳ ಬರೆಯದೆ ಎರಡು ವರ್ಷದ ಅಂಕಿ ಪಕ್ಕಪಕ್ಕ ಇಟ್ಟು ಮಾಲಿನ್ಯ ಇಳಿದಿದೆ ಅಂತ ಗ್ರಾಫ್ ಎಳೆದರೆ ಅದಕ್ಕೆ ಅರ್ಥವೇ ಇಲ್ಲ. ಅಂಥ ಗ್ರಾಫ್‌ಗಳು ಚೆಂದ ಕಾಣುತ್ತವೆ, ಅದು ಬೇರೆ ಮಾತು.

ನೀರಿನದು ಇನ್ನೂ ತಮಾಷೆ. ಪಾಚಿ ತುಂಬಿದ ನೀರಿನಲ್ಲಿ ಹಗಲು ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತದೆ. ಮಧ್ಯಾಹ್ನ ಅಳೆದರೆ ಆಮ್ಲಜನಕ ಧಾರಾಳವಾಗಿರುತ್ತದೆ. ರಾತ್ರಿಯೆಲ್ಲ ಪಾಚಿಯೂ ಉಸಿರಾಡುತ್ತದೆ, ಬ್ಯಾಕ್ಟೀರಿಯಾ ಕೂಡ ಉಸಿರಾಡುತ್ತದೆ. ಬೆಳಕು ಹರಿಯುವ ಹೊತ್ತಿಗೆ ಆಮ್ಲಜನಕ ತಳ ಕಂಡಿರುತ್ತದೆ. ಮೀನು ಸಾಯುವುದು ಸಾಮಾನ್ಯವಾಗಿ ಆ ಹೊತ್ತಿನಲ್ಲಿ. ನಮ್ಮ ಗಾಡಿ ಹೊರಡುವುದು ಆಫೀಸ್ ತೆರೆದ ಮೇಲೆ. ಜಾಗ ತಲುಪಿ, ಹಾಜರಿ ಹಾಕಿ, ಬಾಟಲಿ ಮುಳುಗಿಸುವ ಹೊತ್ತಿಗೆ ನೀರು ಆರೋಗ್ಯವಾಗಿರುತ್ತದೆ! ವರದಿಯಲ್ಲಿ ಆ ಅಂಕಿ ಬರುತ್ತದೆ, ಹೊತ್ತು ಬರುವುದಿಲ್ಲ. ಬೆಳಗಿನ ಜಾವ ಹೋಗೋಣ ಅಂದರೆ ಓವರ್‌ಟೈಮ್ ಕೊಡಲು ನಿಯಮ ಇಲ್ಲವಂತೆ. ಮಳೆಯ ಮೊದಲ ನೀರು ಬೀದಿಯ ಎಣ್ಣೆ, ಸೀಸ, ಸತು ಎಲ್ಲವನ್ನೂ ಒಟ್ಟಿಗೆ ತೊಳೆದು ತರುತ್ತದೆ. ಅದು ಭಾನುವಾರ ಬಂದರೆ ಅದನ್ನು ಹಿಡಿಯುವವರೇ ಇಲ್ಲ.

ಮೂರನೆಯದು, ನಿರಂತರ ಅಳತೆಗೆ ಯಾರೂ ಹಣ ಕೊಡುವುದಿಲ್ಲ. ಅರ್ಜಿಯಲ್ಲಿ ಹೊಸತು ಏನು ಅಂತ ಕೇಳುತ್ತೀರಿ. ಕಳೆದ ವರ್ಷ ಅಳೆದದ್ದನ್ನೇ ಈ ವರ್ಷವೂ, ಅದೇ ಜಾಗದಲ್ಲಿ, ಅದೇ ರೀತಿಯಲ್ಲಿ ಅಳೆಯುತ್ತೇವೆ ಅಂತ ಬರೆದರೆ ಅರ್ಜಿ ಕಸದ ಬುಟ್ಟಿಗೆ ಹೋಗುತ್ತದೆ. ಇದು ಒಂದು ದೇಶದ ರೋಗವಲ್ಲ. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರು ಮಾಡಿದರು. ಹವಾಮಾನ ವಿಜ್ಞಾನದ ಅತಿ ಮುಖ್ಯ ಗ್ರಾಫ್ ಅದು. ಅದರಲ್ಲೂ 1964ರಲ್ಲಿ ಕೆಲವು ತಿಂಗಳ ಅಳತೆ ಇಲ್ಲ. ಹಣ ಕಡಿತ ಮಾಡಿದ್ದರು.

ಮಣ್ಣು ಇನ್ನೂ ನಿಧಾನ. ಅಮೆರಿಕದ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ ಜೀನ್ ಲೈಕೆನ್ಸ್ ಮತ್ತು ಅವರ ಜೊತೆಗಾರರು 1963ರಿಂದ ಮಳೆನೀರು, ಹೊಳೆನೀರು ಅಳೆಯುತ್ತಾ ಬಂದರು. ಆಮ್ಲ ಮಳೆ ಅಲ್ಲಿ ಪತ್ತೆಯಾಯಿತು. ಆಮ್ಲ ಮಳೆ ತಡೆಯುವ ಕಾನೂನಿನ ತಿದ್ದುಪಡಿ ಆ ದೇಶದಲ್ಲಿ ಬಂದದ್ದು 1990ರಲ್ಲಿ. ಮಳೆಯ ಆಮ್ಲ ಕಡಿಮೆಯಾಗುತ್ತಾ ಬಂತು. ಆದರೆ ಅಷ್ಟು ವರ್ಷ ಆಮ್ಲ ತೊಳೆದುಕೊಂಡು ಹೋಗಿದ್ದ ಮಣ್ಣಿನ ಕ್ಯಾಲ್ಸಿಯಂ ಅಷ್ಟು ಸುಲಭಕ್ಕೆ ವಾಪಸ್ ಬರಲಿಲ್ಲ. ಮೂರು ವರ್ಷಕ್ಕೆ ಅಳತೆ ನಿಲ್ಲಿಸಿದ್ದರೆ ಇದರಲ್ಲಿ ಒಂದಾದರೂ ಗೊತ್ತಾಗುತ್ತಿತ್ತಾ?

ನನಗೆ ಬಹಳ ಇಷ್ಟವಾದ ಅಳತೆ ಇಂಗ್ಲೆಂಡಿನ ಹೋಮ್ ಫೆನ್‌ನದು. ಅಲ್ಲಿ 1850ರ ಹೊತ್ತಿಗೆ ಒಂದು ದೊಡ್ಡ ಕೆರೆಯನ್ನೂ ಸುತ್ತಲಿನ ಜೌಗನ್ನೂ ಬಸಿದು ಹೊಲ ಮಾಡಿದರು. ನೀರು ಹೋದರೆ ಪೀಟ್ ನೆಲ (ಪೂರ್ತಿ ಕೊಳೆಯದ ಗಿಡಗಳಿಂದಾದ ಜೌಗು ಮಣ್ಣು) ಕುಸಿಯುತ್ತದೆ ಅಂತ ಅವರಿಗೆ ಗೊತ್ತಿತ್ತು. ಎಷ್ಟು ಕುಸಿಯುತ್ತದೆ ನೋಡೋಣ ಅಂತ ಒಂದು ಕಬ್ಬಿಣದ ಕಂಬವನ್ನು ಅಡಿಯ ಗಟ್ಟಿ ಜೇಡಿಯವರೆಗೆ ಇಳಿಸಿದರು. ಕಂಬದ ತುದಿ ನೆಲಕ್ಕೆ ಸಮ ಇತ್ತು. ಈಗ ಆ ಕಂಬ ಸುಮಾರು 4 ಮೀಟರ್ ಮೇಲೆ ಕಾಣುತ್ತದೆ. ಕಂಬ ಎದ್ದಿಲ್ಲ, ನೆಲ ಇಳಿದಿದೆ. ಮೊದಮೊದಲು ನೀರು ಬಸಿದು ಕುಗ್ಗಿತು, ಆಮೇಲೆ ಒಣಗಿದ ಪೀಟ್ ಗಾಳಿಗೆ ಕೊಳೆತು ಇಂಗಾಲದ ಡೈಆಕ್ಸೈಡ್ ಆಗಿ ಹೋಯಿತು. ಭೂಮಿಯ ನೆಲದಲ್ಲಿ ಪೀಟ್ ಜಾಗ ಬರೀ 3% ಆಸುಪಾಸು. ಪ್ರಪಂಚದ ಎಲ್ಲಾ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಹೆಚ್ಚು ಇಂಗಾಲ ಅದರಲ್ಲಿ ಇದೆ. ನೆಲ ಇಳಿದದ್ದನ್ನು ತೋರಿಸಿಕೊಟ್ಟ ಆ ಕಂಬಕ್ಕೆ ಕರೆಂಟ್ ಬೇಡ, ಸಾಫ್ಟ್‌ವೇರ್ ಬೇಡ. ಯಾರೂ ಕಿತ್ತುಹಾಕದೆ ಬಿಟ್ಟರಲ್ಲ, ಅದೇ ದೊಡ್ಡ ವಿಷಯ.

ಜೌಗು ಪ್ರದೇಶಗಳನ್ನು ಉಳಿಸಬೇಕು ಅಂತ ಇರಾನಿನ ರಾಮ್ಸಾರ್‌ನಲ್ಲಿ ಒಪ್ಪಂದವಾದದ್ದು 1971ರ ಫೆಬ್ರವರಿ 2ರಂದು. ಆ ಒಪ್ಪಂದದವರೇ 2018ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 1970ರಿಂದ 2015ರೊಳಗೆ ಲೆಕ್ಕ ಸಿಕ್ಕ ಜೌಗುಗಳಲ್ಲಿ ಸುಮಾರು 35% ಹೋಗಿದೆ. ಲೆಕ್ಕ ಇಟ್ಟ ಜಾಗಗಳಿಂದಷ್ಟೇ ಇಂಥ ಅಂಕಿ ಹೊರಡಿಸಬಹುದು. ಅಳೆಯದೆ ಬಿಟ್ಟ ಜಾಗದಲ್ಲಿ ಏನು ಹೋಯಿತು ಅಂತ ಹೇಳುವವರು ಯಾರು?

ಈಗ ಎಲ್ಲಕ್ಕಿಂತ ಮುಜುಗರದ ವಿಷಯಕ್ಕೆ ಬರುತ್ತೇನೆ. ನಾವು ಯಾರ ಹೊಲದಿಂದ, ಯಾರ ನೀರಿನಿಂದ ಸ್ಯಾಂಪಲ್ ತರುತ್ತೇವೋ ಅವರಿಗೆ ಫಲಿತಾಂಶ ಹೇಳುವುದಿಲ್ಲ. ಮಣ್ಣು ತೆಗೆಯುವಾಗ ಅವರು ಬಂದು ನಿಲ್ಲುತ್ತಾರೆ. ಗುದ್ದಲಿ ಕೊಡುತ್ತಾರೆ, ನೀರು ಕೊಡುತ್ತಾರೆ, ಇಲ್ಲಿ ಬೇಡ ಅಲ್ಲಿ ಜಾಸ್ತಿ ವಾಸನೆ ಬರುತ್ತೆ ಅಂತ ಜಾಗ ತೋರಿಸುತ್ತಾರೆ. ಏನು ಬಂತು ಅಂತ ಹೇಳ್ತೀರಾ ಅಂತ ಕೇಳುತ್ತಾರೆ. ಹೇಳುತ್ತೇವೆ ಅನ್ನುತ್ತೇವೆ. ಆಮೇಲೆ ಆ ದಾರಿಯಲ್ಲಿ ನಮ್ಮ ಗಾಡಿ ಹೋಗುವುದೇ ಇಲ್ಲ. ಅದೇ ಜಾಗಕ್ಕೆ ಮತ್ತೊಂದು ಪ್ರಾಜೆಕ್ಟಿನ ಜನ ಹೋದಾಗ ಬಾಗಿಲು ತೆರೆಯದಿದ್ದರೆ, ಜನರಿಗೆ ವಿಜ್ಞಾನದ ತಿಳುವಳಿಕೆ ಇಲ್ಲ ಅಂತ ವರದಿಯಲ್ಲಿ ಬರೆಯುತ್ತಾರೆ.

ಹೇಳದೇ ಇದ್ದರೆ ಏನಾಗುತ್ತದೆ ಅಂತ ಮಿನಮಾಟ ನೋಡಿದರೆ ಗೊತ್ತಾಗುತ್ತದೆ. ಜಪಾನಿನ ಆ ಊರಿನಲ್ಲಿ ಮೀನು ತಿಂದವರಿಗೆ ಬರುತ್ತಿದ್ದ ರೋಗ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಕಾರಣ ಪಾದರಸ ಇರಬೇಕು ಅಂತ ಕುಮಾಮೊಟೊ ವಿಶ್ವವಿದ್ಯಾಲಯದವರು 1959ರಲ್ಲೇ ಹೇಳಿದರು. ಅದೇ ವರ್ಷ ಅಲ್ಲಿನ ರಾಸಾಯನಿಕ ಕಾರ್ಖಾನೆಯ ಆಸ್ಪತ್ರೆಯ ವೈದ್ಯ ಹಾಜಿಮೆ ಹೊಸೊಕಾವ ಕಾರ್ಖಾನೆಯ ಕೊಳೆನೀರನ್ನು ಬೆಕ್ಕಿಗೆ ಕೊಟ್ಟು ನೋಡಿದ್ದರು. ಬೆಕ್ಕಿಗೂ ಅದೇ ರೋಗ ಬಂತು. ಕಂಪನಿ ಆ ಫಲಿತಾಂಶವನ್ನು ಹೊರಗೆ ಬಿಡಲಿಲ್ಲ. ಕಾರ್ಖಾನೆಯ ಪಾದರಸವೇ ಕಾರಣ ಅಂತ ಸರ್ಕಾರ ಒಪ್ಪಿದ್ದು 1968ರಲ್ಲಿ. ನಡುವಿನ ವರ್ಷಗಳಲ್ಲಿ ಜನ ಮೀನು ತಿನ್ನುತ್ತಲೇ ಇದ್ದರು. ನಮ್ಮದು ಅಷ್ಟು ದೊಡ್ಡ ಪಾಪ ಅಂತ ನಾನು ಹೇಳುತ್ತಿಲ್ಲ. ನಾವು ಬೇಕಂತ ಮುಚ್ಚಿಡುವುದಿಲ್ಲ, ಸುಮ್ನೆ ಕಪಾಟಿನಲ್ಲಿ ಇಟ್ಟು ಮರೆಯುತ್ತೇವೆ. ಮೀನು ತಿನ್ನುವವರಿಗೆ ಎರಡೂ ಒಂದೇ ಅಲ್ವಾ?

ಮಾಲಿನ್ಯ ಅಂದರೆ ಕಾರ್ಖಾನೆಯ ಪೈಪು ಅಂತಷ್ಟೇ ನಾವು ನೋಡುತ್ತಿರುತ್ತೇವೆ. ಕ್ಯಾಲಿಫೋರ್ನಿಯಾದ ಕೆಸ್ಟರ್‌ಸನ್‌ನಲ್ಲಿ ಪೈಪೇ ಇರಲಿಲ್ಲ ಅನ್ನಬಹುದು. ಹೊಲಗಳಿಂದ ಬಸಿದ ನೀರನ್ನು ಅಲ್ಲಿನ ಜೌಗಿನ ಹೊಂಡಗಳಿಗೆ ಬಿಟ್ಟರು. ಹಕ್ಕಿಗಳಿಗೂ ಒಳ್ಳೆಯದು ಅಂದುಕೊಂಡರು. 1983ರಲ್ಲಿ ಕಣ್ಣಿಲ್ಲದ, ಕೊಕ್ಕು ಸೊಟ್ಟಗಿದ್ದ ಮರಿಗಳು ಗೂಡುಗಳಲ್ಲಿ ಸಿಕ್ಕವು. ಕಾರಣ ಸೆಲೆನಿಯಂ ಎನ್ನುವ ಮೂಲವಸ್ತು. ಯಾರೂ ತಂದು ಸುರಿದದ್ದಲ್ಲ. ಅಲ್ಲಿನ ಮಣ್ಣಿನಲ್ಲೇ ಇದ್ದದ್ದು, ನೀರಾವರಿ ಅದನ್ನು ತೊಳೆದು ಒಂದೇ ಕಡೆ ಸೇರಿಸಿತು. ಹೊಂಡದ ನೀರಿನಿಂದ ಪಾಚಿಗೆ, ಪಾಚಿಯಿಂದ ಹುಳುವಿಗೆ, ಹುಳುವಿನಿಂದ ಹಕ್ಕಿಗೆ ಏರುತ್ತಾ ಹೋಯಿತು. ಮಣ್ಣಿನವರು, ನೀರಿನವರು, ಹಕ್ಕಿಯವರು ತಮ್ಮ ತಮ್ಮ ಅಂಕಿ ಹಿಡಿದು ಬೇರೆ ಬೇರೆ ಕೋಣೆಯಲ್ಲಿ ಕೂತರೆ ಇಂಥದ್ದು ಕಾಣುವುದಿಲ್ಲ. ಮರಿ ಸತ್ತ ಮೇಲೆ ಕಾಣುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ಬೇಡಿಕೆಗಳನ್ನು ಮುಂದಿಡುತ್ತೇನೆ. ಯಾವುದೂ ಆಕಾಶದಿಂದ ಇಳಿಸಬೇಕಾದದ್ದಲ್ಲ.

ನೀವು ಹಣ ಕೊಡುವ ಪ್ರತಿ ಪ್ರಾಜೆಕ್ಟಿನಲ್ಲೂ ಸ್ಯಾಂಪಲ್ ಇಡುವುದಕ್ಕೆ ಒಂದು ಪಾಲು ಎತ್ತಿಡಿ. ಎಲ್ಲವನ್ನೂ ಇಡಬೇಕಾಗಿಲ್ಲ. ಒಣಗಿಸಿದ ಮಣ್ಣು ಒಂದು ಗಾಜಿನ ಬಾಟಲಿಯಷ್ಟು ಸಾಕು. ಪಿಫಾಸ್‌ಗೆ, ಪ್ಲಾಸ್ಟಿಕ್‌ಗೆ ಯಾವ ಪಾತ್ರೆ ಸರಿ ಎನ್ನುವುದನ್ನು ತಿಳಿದವರು ಕೂತು ತೀರ್ಮಾನಿಸಲಿ. ಪ್ರತಿ ಲ್ಯಾಬೂ ತನ್ನದೇ ಕೋಣೆ ಕಟ್ಟಬೇಕಾಗಿಯೂ ಇಲ್ಲ. ಹಲವರು ಸೇರಿ ಒಂದು ಒಣ, ತಂಪು ಕಟ್ಟಡ ಮಾಡಿ, ನೋಡಿಕೊಳ್ಳಲು ಕಾಯಂ ಕೆಲಸದವರನ್ನು ಇಟ್ಟರೆ ಆಯಿತು. ಕಾಯಂ ಅಂದೆ, ಗಮನಿಸಿ. ಗುತ್ತಿಗೆಯವರು ಬದಲಾದಾಗಲೆಲ್ಲ ಪುಸ್ತಕ ಕಾಣೆಯಾಗುವುದನ್ನು ನಾನು ನೋಡಿದ್ದೇನೆ. ಚೆಲ್ಲಲೇಬೇಕು ಅಂತಾದರೆ ಚೆಲ್ಲುವ ಮುಂಚೆ ಬೇರೆ ಸಂಸ್ಥೆಗಳಿಗೆ ತಿಳಿಸಿ, ತಗೊಳ್ಳುವವರು ಇರಬಹುದು. ವಿಷ ಇರುವ ಮಣ್ಣನ್ನು ಅಂಗಳಕ್ಕೆ ಸುರಿಯದೆ ಅದಕ್ಕಿರುವ ವಿಧಾನದಲ್ಲಿ ವಿಲೇವಾರಿ ಮಾಡಿ.

ಆಳ, ಹೊತ್ತು, ನೀರು ನಿಂತಿತ್ತೋ ಇಲ್ಲವೋ, ಹಸಿಯಾಗಿ ಅಳೆದದ್ದೋ ಒಣಗಿಸಿ ಅಳೆದದ್ದೋ, ಇಷ್ಟೂ ಇಲ್ಲದ ಅಂಕಿಯನ್ನು ಒಪ್ಪಿಕೊಳ್ಳಬೇಡಿ. ಯಂತ್ರಕ್ಕೆ ಸಿಗದಷ್ಟು ಕಡಿಮೆ ಇದ್ದಾಗ ಕೆಲವರು ಸೊನ್ನೆ ಹಾಕುತ್ತಾರೆ, ಕೆಲವರು ಯಂತ್ರ ಅಳೆಯಬಲ್ಲ ಕನಿಷ್ಠ ಮಿತಿಯ ಅರ್ಧ ಹಾಕುತ್ತಾರೆ, ಕೆಲವರು ಆ ಸಾಲನ್ನೇ ಅಳಿಸುತ್ತಾರೆ. ಏನು ಮಾಡಿದರು ಅಂತ ಬರೆಸಿ. ಏನೂ ಸಿಗಲಿಲ್ಲ ಎನ್ನುವುದೂ ಒಂದು ಫಲಿತಾಂಶವೇ. ಇಲ್ಲಿ 2025ರವರೆಗೆ ಇರಲಿಲ್ಲ ಅಂತ ಗೊತ್ತಿದ್ದರೆ, ಮುಂದೆ ಬಂದಾಗ ಯಾವಾಗ ಬಂತು ಅಂತ ಹೇಳಬಹುದು. ಬೆಳಗಿನ ಜಾವಕ್ಕೂ ರಜೆ ದಿನದ ಮಳೆಗೂ ಹೋಗುವವರಿಗೆ ಅದಕ್ಕೆ ತಕ್ಕ ಸಂಬಳ ಕೊಡಿ. ಇದನ್ನು ನಾನು ನನಗೋಸ್ಕರ ಕೇಳುತ್ತಿದ್ದೇನೆ ಅಂತಾದರೂ ತಿಳಿಯಿರಿ, ಬೇಜಾರಿಲ್ಲ.

ಹೊಸತಕ್ಕೆ ಕೊಡುವ ಹಣದಲ್ಲಿ ಸ್ವಲ್ಪವನ್ನು ಹಳೆಯದನ್ನೇ ಮುಂದುವರಿಸುವುದಕ್ಕೆ ತೆಗೆದಿಡಿ. ಕೆಲವೇ ಜಾಗ ಆರಿಸಿ, ಆದರೆ ಹತ್ತು ಹದಿನೈದು ವರ್ಷವಾದರೂ ಬಿಡದೆ ಅಳೆಸಿ. ಅಧಿಕಾರಿ ಬದಲಾದರೆ ಜಾಗ ಬದಲಾಗಬಾರದು.

ಜನರಿಗೆ ಹೇಳುವುದನ್ನು ಪ್ರಾಜೆಕ್ಟಿನ ಷರತ್ತನ್ನಾಗಿ ಮಾಡಿ. ಪತ್ರಿಕೆಯಲ್ಲಿ ಲೇಖನ ಪ್ರಕಟವಾಗುವವರೆಗೆ ಕಾಯುವುದು ಬೇಡ. ಅವರ ಭಾಷೆಯಲ್ಲಿ ಒಂದು ಹಾಳೆ ಸಾಕು. ಏನು ಅಳೆದೆವು, ಎಷ್ಟು ಬಂತು, ಅದು ಜಾಸ್ತಿಯೋ ಕಡಿಮೆಯೋ, ನೀವು ಏನು ಮಾಡಬಹುದು, ಅನುಮಾನ ಬಂದರೆ ಯಾರನ್ನು ಕೇಳಬೇಕು. ಜನ ಗಾಬರಿಯಾಗುತ್ತಾರೆ ಅನ್ನುವ ನೆಪ ಬೇಡ. ಹೇಳದಿದ್ದರೂ ಗಾಬರಿಯಾಗುತ್ತಾರೆ, ಗಾಳಿಸುದ್ದಿ ನಂಬಿಕೊಂಡು. ಮೂಲ ಅಂಕಿಗಳನ್ನೂ ಎಲ್ಲರಿಗೂ ಸಿಗುವ ಕಡೆ ಇಡಿ. ಸಾರಾಂಶದ ಸರಾಸರಿ ಸಾಲದು. ಹತ್ತು ಜಾಗ ಶುದ್ಧ, ಒಂದು ಜಾಗದಲ್ಲಿ ವಿಷ ಇದ್ದರೆ ಸರಾಸರಿ ಮಿತಿಯೊಳಗೇ ಬರಬಹುದು. ಆ ಒಂದು ಜಾಗದಲ್ಲೂ ಯಾರೋ ಬಾವಿ ತೋಡಿರುತ್ತಾರೆ.

ಇದಕ್ಕೆಲ್ಲ ಸಮಿತಿ ಮಾಡುತ್ತೇವೆ ಅಂತ ನೀವು ಹೇಳುವುದಕ್ಕೆ ಮುಂಚೆ ಒಂದು ಮಾತು. ನಿಮ್ಮ ಅರ್ಜಿ ಫಾರಂನಲ್ಲಿ ಪ್ರಾಜೆಕ್ಟಿನ ಉದ್ದೇಶ, ವಿಧಾನ, ಬಜೆಟ್, ನಿರೀಕ್ಷಿತ ಪ್ರಕಟಣೆಗಳು ಅಂತ ಕಾಲಂಗಳಿವೆ. ಅದರ ಕೆಳಗೆ ಇನ್ನೆರಡು ಸೇರಿಸಲು ಸಮಿತಿ ಬೇಕಾಗಿಲ್ಲ. ಪ್ರಾಜೆಕ್ಟ್ ಮುಗಿದ ಮೇಲೆ ಸ್ಯಾಂಪಲ್ ಯಾವ ಕೋಣೆಯಲ್ಲಿ, ಯಾರ ಜವಾಬ್ದಾರಿಯಲ್ಲಿ ಇರುತ್ತದೆ? ಫಲಿತಾಂಶವನ್ನು ಆ ಜಾಗದ ಜನರಿಗೆ ಯಾರು, ಯಾವ ತಿಂಗಳಲ್ಲಿ ಹೋಗಿ ಹೇಳುತ್ತಾರೆ? ಇವೆರಡನ್ನು ಮುಂದಿನ ಸುತ್ತಿನ ಫಾರಂನಲ್ಲೇ ಸೇರಿಸಿ. ಖಾಲಿ ಬಿಟ್ಟವರ ಅರ್ಜಿಯನ್ನು ವಾಪಸ್ ಕಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮಣ್ಣು-ನೀರು ಪರೀಕ್ಷಾ ಲ್ಯಾಬಿನ ಒಬ್ಬ ಸಹಾಯಕ